ಸೂಪಿಗೆ ಉಪ್ಪು ಕಡಿಮೆ

ಲಿಸ್ಬನ್ನಿಗೆ ಹೋಗುವ ಮೊದಲೇ ನನಗೆ ಪೋರ್ಚುಗೀಸ್ ಭಾಷೆ ಅಷ್ಟಿಷ್ಟು ಬರುತ್ತಿತ್ತು. ನಿಮಗೂ ಬರುತ್ತದೆ. ಚಾವಿ, ಬಟಾಟೆ, ಪಗಾರ, ಅನಾನಸು, ಇಸ್ತ್ರಿ, ಬಾಲ್ದಿ, ಪಾದ್ರಿ... ಇವೆಲ್ಲ ಅಲ್ಲಿಂದ ಹಡಗು ಹತ್ತಿ ಬಂದ ಮಾತುಗಳು. ಮುಂಬೈಯವರು ವಡೆ ಇಟ್ಟು ತಿನ್ನುವ ಪಾವ್ ಕೂಡ ಅಲ್ಲಿಯದೇ. ಅಂಕೋಲೆಯ ನನಗೆ ಆ ಊರಿನ ಜೊತೆ ಇನ್ನೊಂದು ನಂಟೂ ಇದೆ. ಲಿಸ್ಬನ್ನಿನ ಬೆಲೆಂ ದಂಡೆಯಿಂದ 1497ರಲ್ಲಿ ಹೊರಟ ವಾಸ್ಕೋ ಡ ಗಾಮ ಮರುವರ್ಷ ಕಲ್ಲಿಕೋಟೆ ನೋಡಿ ಹಿಂತಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಕೊಂಡು ಹೋಗಿದ್ದ. ಐನೂರು ವರ್ಷ ಬಿಟ್ಟು ಆ ಭೇಟಿಗೆ ಪ್ರತಿಯಾಗಿ ನಾನು ಹೋದೆ ಎಂದು ತಮಾಷೆ ಮಾಡುತ್ತಿರುತ್ತೇನೆ. ನಿಜ ಹೇಳಬೇಕೆಂದರೆ ಹೋದದ್ದು ಮಗಳ ಮನೆಗೆ, ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿಯನ್ನು ನೋಡಲು.

ಏಳು ಬೆಟ್ಟಗಳ ಮೇಲೆ ಕೂತ ಊರು ಅದು. ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಊರಲ್ಲ. ಕಾಲುದಾರಿಗೆಲ್ಲ ಸಣ್ಣ ಸಣ್ಣ ಬಿಳಿ ಕಲ್ಲು ಹಾಸಿದ್ದಾರೆ. ಮಳೆ ಬಂದರೆ ಪಾಚಿ ಕಟ್ಟಿದ ಬಾವಿಕಟ್ಟೆಯ ಹಾಗೆ ಜಾರುತ್ತದೆ. ಇಕ್ಕಟ್ಟಾದ ಏರುದಾರಿಯಲ್ಲಿ 28ನೇ ನಂಬರಿನ ಹಳದಿ ಟ್ರಾಮು ಗೋಡೆಗೆ ಮೈ ತಾಗಿಸಿಯೇ ಹೋಗುತ್ತದೋ ಎನ್ನುವಂತೆ ಕಿರುಗುಟ್ಟುತ್ತ ಹೋಗುತ್ತದೆ. ಮನೆಗಳ ಹೊರಗೋಡೆಗೇ ಬಣ್ಣದ ಹೆಂಚು ಅಂಟಿಸಿದ್ದಾರೆ. ಕೆಳಗಿನ ಪೇಟೆಯಲ್ಲಿ ಒಣಮೀನಿನ ಅಂಗಡಿ ಇದೆ. ಬಕಲ್ಯಾವು ಎಂಬ ಆ ಉಪ್ಪು ಮೀನನ್ನು ಹಲಗೆಗಳ ಹಾಗೆ ಒಂದರ ಮೇಲೊಂದು ಪೇರಿಸಿ ಇಟ್ಟಿರುತ್ತಾರೆ. ಆ ವಾಸನೆ ಬಡಿದ ಕೂಡಲೇ ನನಗೆ ಅಂಕೋಲೆಯ ಸಂತೆ ನೆನಪಾಗಿ ಹೊಟ್ಟೆ ಹಸಿಯಿತು.

ಆದರೆ ನಾನು ಹೇಳಹೊರಟಿದ್ದು ನೋಡಲು ಹೋದ ಜಾಗಗಳ ಬಗ್ಗೆ ಅಲ್ಲ. ಅವುಗಳ ಫೋಟೊ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ.

ಮಗಳ ಮನೆಯ ಬೀದಿಯಲ್ಲಿ ಮೂರು ಬೇಕರಿ, ನಾಲ್ಕು ಹೋಟೆಲು. ಬೇಕರಿಯ ಗಾಜಿನ ಕಪಾಟಿನಲ್ಲಿ ಬೆಳಿಗ್ಗೆ ಎಂಟಕ್ಕೆ ತುಂಬಿದ ಬನ್ನು, ಮೊಟ್ಟೆಯ ಕಡುಬಿನಂಥ ಪಶ್ತೆಲ್ ದೆ ನಾತ ಸಂಜೆ ಏಳಕ್ಕೂ ಅರ್ಧ ಉಳಿದಿರುತ್ತಿತ್ತು. ಇವನ್ನೆಲ್ಲ ಎಂತ ಮಾಡುತ್ತಾರೆ ಎಂದು ಕೇಳಿದೆ. "ಗುರುವಾರ ಬಾ ಅಮ್ಮ, ತೋರಿಸ್ತೇನೆ" ಅಂದಳು ಮಗಳು.

ಗುರುವಾರ ಸಂಜೆ ಅವಳಿಗೆ ಎರಡು ಗಂಟೆಯ ಕೆಲಸವಿತ್ತು. ಸಂಬಳದ್ದಲ್ಲ. ದೊಡ್ಡ ಚೀಲ, ಖಾಲಿ ಡಬ್ಬಿಗಳನ್ನು ಹಿಡಿದು ಬೀದಿಯ ಹೋಟೆಲು, ಬೇಕರಿಗಳ ಬಾಗಿಲಿಗೆ ಹೋಗಿ ಆ ದಿನ ಮಾರಾಟವಾಗದೆ ಉಳಿದದ್ದನ್ನು ತುಂಬಿಸಿಕೊಂಡು ಒಂದು ಕೇಂದ್ರಕ್ಕೆ ತಲುಪಿಸಬೇಕು. ಅಲ್ಲಿ ಅದನ್ನು ಪಾಲು ಮಾಡಿ, ಮನೆಯಲ್ಲಿ ಊಟಕ್ಕೆ ಸಾಲದವರಿಗೆ ಕೊಡುತ್ತಾರೆ.

ನಾನು ದಾರಿಯಲ್ಲೇ ನಿಂತೆ. "ಹೋಟೆಲಿನ ಎಂಜಲನ್ನು ಇನ್ನೊಬ್ಬರಿಗೆ ಕೊಡುವುದಾ?"

ಪುಟ್ಟಿ ಹುಟ್ಟಿದ್ದು, ಬೆಳೆದದ್ದು ಅಲ್ಲೇ. "ಎಂಜಲು ಅಂದರೇನು ಅಜ್ಜಿ?" ಎಂದು ಕೇಳಿದಳು. ಆಗ ನೋಡಿ ನನಗೆ ಪೇಚಾಟ. ಊಟ ಮಾಡಿ ಉಳಿದದ್ದಕ್ಕೆ ನಮ್ಮಲ್ಲಿ ಒಂದು ಹೆಸರಲ್ಲ. ಬಾಯಿ ತಾಗಿದ್ದು, ಎಲೆಯಲ್ಲಿ ಬಿಟ್ಟದ್ದು ಎಂಜಲು. ನಿನ್ನೆಯದು ತಂಗಳು. ಕೆಟ್ಟು ವಾಸನೆ ಬಂದರೆ ಹಳಸಿದ್ದು. ಪಾತ್ರೆಯಲ್ಲೇ ಯಾರೂ ಮುಟ್ಟದೆ ಇದ್ದರೆ ಮಿಕ್ಕಿದ್ದು. ಎಲ್ಲ ವಿವರಿಸಿದ ಮೇಲೆ ಪುಟ್ಟಿ ಹೇಳಿದಳು: "ಹಾಗಾದರೆ ಇದು ಮಿಕ್ಕಿದ್ದು. ಎಂಜಲಲ್ಲ." ಸರಿಯಾಗಿಯೇ ಹೇಳಿದ್ದಳು. ಗಿರಾಕಿಯ ತಟ್ಟೆಗೆ ಹೋಗಿ ಬಂದ ಒಂದು ಅಗುಳನ್ನೂ ಅಲ್ಲಿ ತೆಗೆದುಕೊಳ್ಳುವುದಿಲ್ಲ. ಅಡುಗೆಮನೆಯ ಪಾತ್ರೆಯಲ್ಲಿ ಉಳಿದದ್ದು, ಕಪಾಟಿನಲ್ಲಿ ಉಳಿದದ್ದು ಮಾತ್ರ.

ಈ ಕೆಲಸ ಶುರುವಾದ ಕಥೆ ಸ್ವಾರಸ್ಯದ್ದು. 2011ರಲ್ಲಿ ಪೋರ್ಚುಗಲ್ ಸಾಲದಲ್ಲಿ ಮುಳುಗಿತ್ತು. ಸರ್ಕಾರ ನಡೆಸಲು ಹೊರಗಿನವರಿಂದ 7,800 ಕೋಟಿ ಯೂರೊ ಸಾಲ ಎತ್ತಬೇಕಾಯಿತು. ಕೆಲಸ ಕಳೆದುಕೊಂಡವರು ಬಹಳ. ಆ ವರ್ಷ ಹಂಟರ್ ಹಾಲ್ಡರ್ ಎಂಬ ಅಮೆರಿಕದವರು, ಬಹಳ ಕಾಲದಿಂದ ಲಿಸ್ಬನ್ನಿನಲ್ಲೇ ನೆಲೆಸಿದ್ದವರು, ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ನೊಸ್ಸಾ ಸೆನ್ಯೋರಾ ದೆ ಫಾತಿಮಾ ಎಂಬ ಬಡಾವಣೆಯ ಹೋಟೆಲುಗಳನ್ನು ಸುತ್ತಿ ಉಳಿದ ಊಟ ಕೂಡಿಸಿದರು. ವಯಸ್ಸು ಅರವತ್ತರ ಆಸುಪಾಸು. ಒಬ್ಬರೇ ಒಬ್ಬರು, ಒಂದೇ ಸೈಕಲ್ಲು. ಅದು 'ರೀಫುಡ್' ಎಂಬ ಹೆಸರಿನ ಸಂಸ್ಥೆಯಾಗಿ ಈಗ ಪೋರ್ಚುಗಲ್ಲಿನಲ್ಲಿ ಅದಕ್ಕೆ ಹತ್ತಾರು ಕೇಂದ್ರಗಳಿವೆ. ಒಬ್ಬೊಬ್ಬರೂ ವಾರಕ್ಕೆ ಎರಡು ಗಂಟೆ ಕೊಟ್ಟರೆ ಸಾಕು ಎನ್ನುವುದು ಅವರ ಲೆಕ್ಕ. ಬೀದಿಯ ಊಟ ಅದೇ ಬೀದಿಯವರಿಗೆ, ಬೀದಿಯವರ ಕೈಯಿಂದಲೇ.

ಈ ಸೈಕಲ್ಲಿನ ಗಾಳಿ ನಮ್ಮ ದೇಶಕ್ಕೂ ಬೀಸಿದೆ. ಲಿಸ್ಬನ್ನಿನಲ್ಲಿ ಇದನ್ನು ಕಂಡ ನೀಲ್ ಘೋಷ್ ಎಂಬ ತರುಣ ಗೆಳೆಯರನ್ನು ಕೂಡಿಸಿ 2014ರ ಆಗಸ್ಟಿನಲ್ಲಿ ದೆಹಲಿಯಲ್ಲಿ 'ರಾಬಿನ್ ಹುಡ್ ಆರ್ಮಿ' ಶುರು ಮಾಡಿದರು. ಮೊದಲ ರಾತ್ರಿ ಉಂಡವರು ನೂರೈವತ್ತು ಮಂದಿ. ಇವರು ದುಡ್ಡನ್ನು ಮುಟ್ಟುವುದಿಲ್ಲ. ಊಟ ಕೊಡಿ, ಇಲ್ಲವೇ ನಿಮ್ಮ ಸಮಯ ಕೊಡಿ ಎನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಮಾಡಲು ಕೆಲಸವೂ ಬೇಕಾದಷ್ಟಿದೆ ಅನ್ನಿ. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದವರು ಕಲ್ಯಾಣ ಮಂಟಪಗಳನ್ನು ಸುತ್ತಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತದೆ ಎಂದು 2012ರಲ್ಲಿ ಲೆಕ್ಕ ಹಾಕಿದ್ದರು. ಮಕ್ಕಳೇ, ಒಂದು ಟನ್ ಎಂದರೆ ಸಾವಿರ ಕಿಲೋ. ಸೊನ್ನೆಗಳನ್ನು ನೀವೇ ಹಾಕಿಕೊಳ್ಳಿ.

ಮಗಳ ಜೊತೆ ನಾನೂ ಪುಟ್ಟಿಯೂ ಹೊರಟೆವು. ಕೆಲಸ ಸುಲಭ ಎಂದುಕೊಂಡಿದ್ದೆ. ಅಲ್ಲ. ಹೋಟೆಲಿನವರಿಗೆ ಬಾಗಿಲು ಹಾಕುವ ಅವಸರ, ಐದು ನಿಮಿಷ ತಡವಾದರೆ ಎಲ್ಲ ಕಸದ ಡಬ್ಬಿಗೆ. ಒಂದು ಕಡೆ ಎಂಟು ಲೀಟರು ಸೂಪು, ಇನ್ನೊಂದು ಕಡೆ ಒಂದು ಹಿಡಿ ಅನ್ನ. ಹಿಡಿ ಅನ್ನವನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ನಾಳೆಯಿಂದ ಅವರು ತೆಗೆದಿಡುವುದನ್ನೇ ನಿಲ್ಲಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚಿನ ಅವಸರ ಅಡುಗೆಯದ್ದೇ. ಬೇಯಿಸಿದ ಪದಾರ್ಥ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಉಗುರುಬೆಚ್ಚಗಿನಲ್ಲಿ ಬಹಳ ಹೊತ್ತು ಇಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಅದರಲ್ಲಿ ಮದುವೆ ಮಾಡಿಕೊಳ್ಳುತ್ತವೆ. ಹಾಗಾಗಿ ಬೆಟ್ಟದ ಊರಿನಲ್ಲಿ ಸೂಪಿನ ಡಬ್ಬಿ ಹೊತ್ತು ಓಡಬೇಕು. ನಾನು ಬನ್ನಿನ ಚೀಲ ಹೊತ್ತೆ.

ಕೇಂದ್ರ ಎಂದರೆ ಒಂದು ಉದ್ದನೆಯ ಕೋಣೆ. ನಾಲ್ಕು ಫ್ರಿಜ್ಜು, ತೊಳೆಯುವ ತೊಟ್ಟಿ, ಸ್ಟೀಲಿನ ಮೇಜು. ತಲೆಗೆ ಟೊಪ್ಪಿ, ಕೈಗೆ ಗವಸು ಹಾಕಿಕೊಂಡ ಏಳೆಂಟು ಮಂದಿ. ಉಸ್ತುವಾರಿ ನೋಡುತ್ತಿದ್ದ ಹೆಂಗಸು ಬ್ಯಾಂಕಿನಿಂದ ನಿವೃತ್ತರಾದವರಂತೆ. ಹಣ ಎಣಿಸಿದ ಕೈಯೇ ಎಂದು ಅವರು ಸೌಟು ಹಿಡಿದದ್ದು ನೋಡಿದರೇ ತಿಳಿಯುತ್ತಿತ್ತು. ಗೋಡೆಯ ಪಟ್ಟಿಯಲ್ಲಿ ಮನೆಯ ನಂಬರು, ಎಷ್ಟು ಜನ, ಎಷ್ಟು ಮಕ್ಕಳು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಹಂದಿಮಾಂಸ ತಿನ್ನುವುದಿಲ್ಲ. ಹೆಸರಿಲ್ಲ. ಪುಟ್ಟಿಗೆ ಡಬ್ಬಿಗಳ ಮೇಲೆ ತಾರೀಕಿನ ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ನನಗೆ ಸೂಪು ತುಂಬುವುದು. ಆ ದಿನ ಇದ್ದದ್ದು ಕಾಲ್ದು ವೆರ್ದ್, ಬಟಾಟೆ ಅರೆದು ಸೊಪ್ಪು ಹೆಚ್ಚಿ ಹಾಕಿದ ಹಸಿರು ಸಾರು.

ಜನ ಬರತೊಡಗಿದರು. ಕೈಕೂಸಿನ ತಾಯಿ, ಕಟ್ಟಡ ಕೆಲಸದ ಬೂಟು ಕಳಚದ ಗಂಡಸು, ಬಹಳಷ್ಟು ಮುದುಕರು. ಪಿಂಚಣಿ ಸಣ್ಣದು, ಮನೆಬಾಡಿಗೆ ದೊಡ್ಡದು. ನಮ್ಮಂಥ ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಡುವುದೇ ಲಾಭ ಎಂದು ಮನೆಗಳನ್ನು ಹಾಗೆ ಬಿಡುತ್ತಾರೆ. ಅದರಿಂದಲೂ ಬಾಡಿಗೆ ಏರಿದೆ ಎಂದು ಮಗಳು ಹೇಳಿದಾಗ ನಾನು ಸುಮ್ಮನೆ ಸೌಟು ತಿರುವಿದೆ. ಮಿಕ್ಕ ಸೂಪಿನಿಂದ ಬಾಡಿಗೆ ಇಳಿಯುವುದಿಲ್ಲವಲ್ಲ.

ಅವರಲ್ಲಿ ಒಬ್ಬರು ನನ್ನ ವಯಸ್ಸಿನ ಅಜ್ಜಿ. ಒಪ್ಪವಾಗಿ ಬಾಚಿದ ಬಿಳಿ ಕೂದಲು, ಕಂದು ಕೋಟು, ಕೈಯಲ್ಲಿ ಚರ್ಮದ ಚೀಲ. ಮದುವೆಗೆ ಹೊರಟವರ ಹಾಗೆ. ಹೋದ ವಾರದ ಡಬ್ಬಿಗಳನ್ನು ಬೆಳಗಿ, ಬಟ್ಟೆಯಲ್ಲಿ ಒರೆಸಿ ತಂದಿದ್ದರು. ಅವನ್ನು ಮೇಜಿನ ಮೇಲಿಟ್ಟು ಉಸ್ತುವಾರಿಯ ಹೆಂಗಸಿಗೆ ಗಟ್ಟಿಯಾಗಿ ಏನೋ ಹೇಳಿದರು. ಆಕೆ ತಲೆಯಾಡಿಸಿ ಪುಸ್ತಕ ತೆಗೆದು ಬರೆದುಕೊಂಡರು.

"ಏನಂತೆ?"

ಪುಟ್ಟಿಯ ಮುಖ ಕೆಂಪಾಗಿತ್ತು. "ಹೋದ ಗುರುವಾರದ ಸೂಪಿಗೆ ಉಪ್ಪೇ ಇರಲಿಲ್ಲವಂತೆ. ಆಸ್ಪತ್ರೆಯ ಸೂಪಿನ ಹಾಗಿತ್ತಂತೆ. ಪುಕ್ಕಟೆ ಕೊಟ್ಟದ್ದಕ್ಕೂ ತಕರಾರಾ ಅಜ್ಜಿ?"

ನನಗೆ ಉತ್ತರ ಕೊಡಲಾಗಲಿಲ್ಲ. ಮನೆಗೆ ಹೋಗುವಾಗ, ಟ್ರಾಮಿನಲ್ಲಿ ಕೂತು, ಅವಳಿಗೆ ನನ್ನ ಆಯಿಯ ಕಥೆ ಹೇಳಿದೆ. ಆಯಿ ಎಂದರೆ ನಮ್ಮ ಕಡೆ ಅಮ್ಮ.

1966. ನನಗೂ ಆಗ ಪುಟ್ಟಿಯದೇ ವಯಸ್ಸು. ಅಕ್ಕಿ ಸಿಗದ ಕಾಲ. ಶಾಲೆಯಲ್ಲಿ ಅಮೆರಿಕದಿಂದ ಬಂದ ರವೆಯ ಉಪ್ಪಿಟ್ಟು, ಪುಡಿಯ ಹಾಲು. ಮನೆಯಲ್ಲಿ ರಾತ್ರಿ ಗಂಜಿ. ಊರಿನ ಒಡೆಯರ ಮನೆಯಲ್ಲಿ ಮದುವೆಯಾಯಿತು. ಆಯಿ ಎರಡು ದಿನ ಅಲ್ಲಿ ಕಾಯಿ ತುರಿದು, ಅರೆದು, ಪಾತ್ರೆ ತಿಕ್ಕಿದಳು. ಮದುವೆಯ ಸಂಜೆಯೇ ದೊಡ್ಡ ಹಂಡೆಯಲ್ಲಿ ಅನ್ನ, ಹುಳಿ ಮಿಕ್ಕಿತ್ತು. ಅವಳೇ ಕಣ್ಣಾರೆ ಕಂಡಿದ್ದಳು. ಆದರೆ ಕೊಡುವುದು ಯಾರಿಗೂ ಹೊಳೆಯಲಿಲ್ಲ. ಮರುದಿನ ಮಧ್ಯಾಹ್ನ ಹಂಡೆ ತೊಳೆಯಬೇಕಾದಾಗ ಹಿತ್ತಿಲ ಬಾಗಿಲಿಗೆ ಕರೆದು ಅವಳ ತಪ್ಪಲೆಗೆ ಸುರಿದರು.

ಮನೆಗೆ ತಂದು ಮುಚ್ಚಳ ತೆಗೆದರೆ ಹುಳಿ ನೊರೆ ಬಂದಿತ್ತು. ಆಯಿ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು. ಅನ್ನವನ್ನು ಮೂರು ನೀರಿನಲ್ಲಿ ತೊಳೆದು, ಉಪ್ಪು ಹಾಕಿ ನನಗೂ ತಮ್ಮನಿಗೂ ಬಡಿಸಿದಳು. ತಾನು ಉಣ್ಣಲಿಲ್ಲ. "ಹಳಸಿದೆ ಅಂತ ಅವರಿಗೆ ಹೇಳಬಾರದಿತ್ತಾ ಆಯಿ?" ಎಂದು ಕೇಳಿದೆ. "ಹೇಳಿದರೆ ಮತ್ತೆ ಕರೆಯುತ್ತಾರಾ?" ಎಂದಳು. ಸಂಜೆ ದಾರಿಯಲ್ಲಿ ಒಡತಿ ಸಿಕ್ಕಿ "ಊಟ ಚೆನ್ನಾಗಿತ್ತಾ?" ಎಂದು ಕೇಳಿದರು. ಆಯಿ ಸೆರಗು ಹೊದ್ದುಕೊಂಡು "ಬಹಳ ಚೆನ್ನಾಗಿತ್ತು ಅಮ್ಮ" ಅಂದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.

ಅವರು ಕೆಟ್ಟವರಲ್ಲ. ಒಂದು ರಾತ್ರಿ ಮೊದಲು ಕರೆದಿದ್ದರೆ ಅದೇ ಅನ್ನ ನಮಗೆ ಹಬ್ಬ.

ಪುಟ್ಟಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೀದಿಯ ಮೂಲೆಯಲ್ಲಿ ಚೆಸ್ಟ್‌ನಟ್ ಕಾಯಿ ಸುಡುವವನ ಗಾಡಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ಕೇಳಿದಳು: "ನಿಮ್ಮ ಆಯಿ ಯಾಕೆ ಮುಂದಿನ ಬಾಗಿಲಿನಿಂದ ಹೋಗಲಿಲ್ಲ?"

ಅದಕ್ಕೆ ಉತ್ತರ ಹೇಳಲು ಒಂದು ಟ್ರಾಮು ಸಾಲದು. ಆ ರಾತ್ರಿ ಮಲಗುವವರೆಗೂ ಹೇಳಿದೆ.

ಮುಂದಿನ ಗುರುವಾರ ಪುಟ್ಟಿ ಸೂಪಿನ ಪಾತ್ರೆಯ ಹತ್ತಿರವೇ ಇದ್ದಳು. ತುಂಬುವ ಮೊದಲು ನನಗೂ ಉಸ್ತುವಾರಿಯ ಹೆಂಗಸಿಗೂ ಒಂದೊಂದು ಚಮಚ ಕೊಟ್ಟು ರುಚಿ ನೋಡಿಸಿದಳು. ಸಪ್ಪೆ ಇತ್ತು. ಅರ್ಧ ಚಮಚ ಉಪ್ಪು ಬಿತ್ತು. ಕಂದು ಕೋಟಿನ ಅಜ್ಜಿ ಬಂದಾಗ ಒಂದು ಸಣ್ಣ ಕಪ್ಪಿನಲ್ಲಿ ಸೂಪು ಹಿಡಿದು ಮುಂದೆ ಹೋಗಿ ನಿಂತು ಅವರ ಭಾಷೆಯಲ್ಲಿ ಕೇಳಿದಳು, ಇವತ್ತು ಉಪ್ಪು ಸರಿ ಇದೆಯಾ ಎಂದು.

ಅವರು ಕಪ್ಪು ತೆಗೆದುಕೊಂಡರು. ಅವಸರ ಮಾಡಲಿಲ್ಲ. ಕುಡಿದು, ತುಟಿ ಒರೆಸಿಕೊಂಡು, ಅಂಗೈಯನ್ನು ಗಾಳಿಯಲ್ಲಿ ಆಚೆ ಈಚೆ ಆಡಿಸಿದರು.

"ಮಾಯ್ಜ್ ಓ ಮೆನೂಷ್."

ಪರವಾಗಿಲ್ಲ, ಸುಮಾರಾಗಿದೆ ಎಂದು ಅರ್ಥವಂತೆ. ಪುಟ್ಟಿ ಉಸ್ತುವಾರಿಯ ಹೆಂಗಸಿನ ಕೈಯಿಂದ ಪುಸ್ತಕ ಇಸಿದುಕೊಂಡು ಅದನ್ನೂ ಬರೆದಳು.