ಕೂಸು ಎಲ್ಲದ?

ಮಕ್ಕಳ ಭಾವಚಿತ್ರ ತೆಗೆಯುವುದು ಸುಲಭವೆಂದು ಯಾರಾದರೂ ಹೇಳಿದರೆ, ಅವರು ಇನ್ನೂ ಆ ಕೆಲಸಕ್ಕೆ ಕೈಹಾಕಿಲ್ಲವೆಂದೇ ತಿಳಿಯಬೇಕು. ನಾನೂ ಒಂದು ಕಾಲಕ್ಕೆ ಹಾಗೆ ತಿಳಿದವನೇ. ಕ್ಯಾಮೆರಾ ಇದೆ, ಬಿಸಿಲಿದೆ, ಮಗುವಿದೆ, ಇನ್ನೇನು ಬೇಕು? ಗುಂಡಿ ಒತ್ತಿದರಾಯಿತು! ನನ್ನ ಈ ಜಂಬವನ್ನು ಇಳಿಸಿದ್ದು ಧಾರವಾಡದಿಂದ ಬಂದ ಒಂದು ಅಂಚೆ ಕಾರ್ಡು.

೧೯೮೬ರ ಮಾತು. ಆಗ ನಾವು ಮಾಟುಂಗದಲ್ಲಿ ಒಂದೂವರೆ ಕೋಣೆಯ ಬಿಡಾರದಲ್ಲಿದ್ದೆವು. ಮಗಳಿಗೆ ಮೂರು ವರ್ಷ. ಅವ್ವ ಅವಳನ್ನು ನೋಡಿದ್ದು ಎಂಟು ತಿಂಗಳ ಕೂಸಾಗಿದ್ದಾಗ. ಆಮೇಲೆ ಅವ್ವನಿಗೆ ಮೊಣಕಾಲು ನೋವು ಹಿಡಿಯಿತು. ಮೀರಜದಲ್ಲಿ ಗಾಡಿ ಬದಲಿಸಿ, ಹತ್ತಿ ಇಳಿದು ಮುಂಬಯಿಗೆ ಬರುವುದು ಆಕೆಯಿಂದಾಗದು. ನನಗೋ, ರಜೆಯಿದ್ದಾಗ ಹಣವಿಲ್ಲ, ಹಣವಿದ್ದಾಗ ರಜೆಯಿಲ್ಲ. “ಕೂಸಿನ ಮಾರಿನರೆ ತೋರಸು” ಎಂದು ಪ್ರತಿಯೊಂದು ಕಾಗದದಲ್ಲಿಯೂ ಅವ್ವ ಬರೆಯುತ್ತಿದ್ದಳು.

ಕಚೇರಿಯ ಗೆಳೆಯರೊಬ್ಬರು ತಮ್ಮ ಕ್ಯಾಮೆರಾವನ್ನು ಒಂದು ತಿಂಗಳ ಮಟ್ಟಿಗೆ ಕೊಟ್ಟರು. ಅದನ್ನು ಕೊರಳಿಗೆ ಹಾಕಿಕೊಂಡು ಒಂದು ಆದಿತ್ಯವಾರ ಸಂಜೆ ಸಕುಟುಂಬವಾಗಿ ಮರೀನ್ ಡ್ರೈವ್‌ಗೆ ಹೊರಟೆ. ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಹಿಂದೆ ಅರಬ್ಬೀ ಸಮುದ್ರ, ಇಳಿಯುವ ಸೂರ್ಯ ಎಲ್ಲವೂ ಬರುವಂತೆ ದೂರ ಸರಿದು ಚಿತ್ರ ತೆಗೆದೆ. ಮುಂದಿನ ವಾರ ಗೇಟ್‌ವೇ ಆಫ್ ಇಂಡಿಯಾ. ೧೯೨೪ರಲ್ಲಿ ಕಟ್ಟಿ ಮುಗಿಸಿದ ಆ ಕಮಾನು ಬುಡದಿಂದ ತುದಿಯವರೆಗೆ ಬಂದಿತು; ಅದರ ಕೆಳಗೆ ಮಗಳು ಇರುವೆಯಷ್ಟು ಬಂದಳು. ನಾವು ಮುಂಬಯಿಯಲ್ಲಿದ್ದೇವೆಂದು ಊರಿಗೆ ತಿಳಿಯಬೇಡವೇ? ಎರಡನ್ನೂ ಲಕೋಟೆಯಲ್ಲಿಟ್ಟು ಕಳಿಸಿದೆ.

ಕೆಲವು ದಿನಗಳಲ್ಲಿ ಕಾರ್ಡು ಬಂದಿತು. “ಮುಂಬಯಿ ಛಲೋ ಅದ. ಕೂಸು ಎಲ್ಲದ?”

ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮಲ್ಲಿದ್ದ ಪ್ರತಿಯನ್ನು ತೆಗೆದು ನೋಡಿದೆ. ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು. ಮಗಳ ಮುಖವಿರಬೇಕಾದಲ್ಲಿ ಮಸಿಯ ಮುದ್ದೆಯೊಂದು ಕೂತಿತ್ತು.

ನೆಗೆಟಿವ್ ಹಿಡಿದು ಓಣಿಯ ಸ್ಟುಡಿಯೋಕ್ಕೆ ಹೋದೆ. ಅದರ ಯಜಮಾನರು ದಕ್ಷಿಣ ಕನ್ನಡದ ಕಡೆಯ ಹಿರಿಯರು. ನೆಗೆಟಿವನ್ನು ದೀಪಕ್ಕೆ ಹಿಡಿದು ತೋರಿಸಿದರು. ಮುಖದ ಜಾಗ ಬರಿಯ ಗಾಜಿನಂತೆ ತಿಳಿಯಾಗಿತ್ತು; ಫಿಲ್ಮಿಗೆ ಅಲ್ಲಿ ಬೆಳಕೇ ತಾಗಿರಲಿಲ್ಲ.

“ಸಮುದ್ರಕ್ಕೆ ಬೆಳಕು ಬೇಕಾದಷ್ಟಿದೆ ಮಾರಾಯ್ರೆ. ನೀವು ಮಗುವಿಗೆ ಕೊಡಿ” ಎಂದರು.

ಅವರು ಹೇಳಿದ್ದರ ಸಾರ ಇಷ್ಟು. ಮರೀನ್ ಡ್ರೈವ್ ಪಶ್ಚಿಮಕ್ಕೆ ಮುಖಮಾಡಿದ ದಂಡೆ. ಸಮುದ್ರಕ್ಕೆ ಬೆನ್ನುಮಾಡಿ ಕೂತ ಮಗುವಿನ ಹಿಂದೆಯೇ ಸಂಜೆಯ ಸೂರ್ಯ. ನೂರು ಎ.ಎಸ್.ಎ. ಫಿಲ್ಮಿಗೆ ತುಂಬು ಬಿಸಿಲಿನಲ್ಲಿ ಎಫ್ ೧೬, ಸೆಕೆಂಡಿನ ೧೨೫ನೆಯ ಒಂದು ಪಾಲು ಎಂಬ ಲೆಕ್ಕ ಸರಿಯೇ. ಆದರೆ ಅದು ಬಿಸಿಲು ಮುಖದ ಮೇಲೆ ಬಿದ್ದಾಗಿನ ಲೆಕ್ಕ. ಬಿಸಿಲು ಬೆನ್ನಿಗಿದ್ದರೆ ಎರಡು ಮೆಟ್ಟಿಲಾದರೂ ತೆರೆದು ಎಫ್ ೮ಕ್ಕೆ ಬರಬೇಕು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿ; ಎರಡಕ್ಕೆ ನಾಲ್ಕು ಪಟ್ಟು. ಹೊತ್ತು ಮುಳುಗುವಾಗ ಇನ್ನೂ ತೆರೆಯಬೇಕು. ಸಮುದ್ರ ಬಿಳಿಚಿಕೊಂಡರೆ ಬಿಳಿಚಿಕೊಳ್ಳಲಿ. ಅದರ ಅಜ್ಜಿಯೇನೂ ಧಾರವಾಡದಲ್ಲಿ ಕಾಯುತ್ತ ಕೂತಿಲ್ಲ.

“ಹಾಗಾದರೆ ನಡುಮಧ್ಯಾಹ್ನ ತೆಗೆಯಲೇ?” ಎಂದೆ. ಅವರು ತಲೆಯಾಡಿಸಿದರು. ನೆತ್ತಿಯ ಬಿಸಿಲಿಗೆ ಕಣ್ಣುಗಳು ಗುಳಿಬಿದ್ದಂತೆ ಕಪ್ಪಾಗುತ್ತವೆ, ಮಗು ಮುಖ ಕಿವುಚುತ್ತದೆ. ಬೆಳಗಿನ ಹೊತ್ತು ಮರದ ನೆರಳಿನ ಅಂಚಿನಲ್ಲಿ, ಮುಖ ಬಯಲಿನ ಕಡೆಗೆ ಬರುವಂತೆ ಕೂರಿಸಬೇಕು. ಅಲ್ಲಿ ಎಫ್ ೫.೬, ಮಗು ಸುಮ್ಮನೆ ಕೂರದಿದ್ದರೆ ಎಫ್ ೪ ಮಾಡಿ, ವೇಗವನ್ನು ೨೫೦ಕ್ಕೆ ಏರಿಸಬೇಕು. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆ ಮುಖದ ಮೇಲೆ ಬೀಳಬಾರದು. ಬಿದ್ದರೆ ಮಗುವಿಗೆ ಸಿಡುಬು ಎದ್ದಂತೆ ಕಾಣುತ್ತದೆ.

“ಇನ್ನೊಂದು ಮಾತು. ನಿಂತುಕೊಂಡು ತೆಗೆಯಬೇಡಿ. ಮಗುವಿನ ಕಣ್ಣಿನ ಎತ್ತರಕ್ಕೆ ನೀವು ಇಳಿಯಿರಿ” ಎಂದರು. ನನ್ನ ಎಷ್ಟೋ ಚಿತ್ರಗಳಲ್ಲಿ ಮಗಳು ದೊಡ್ಡದೊಂದು ತಲೆ, ಅದರಡಿಯಲ್ಲಿ ಎರಡು ಚಪ್ಪಲಿಯಾಗಿ ಏಕೆ ಕಾಣುತ್ತಿದ್ದಳೆಂಬುದು ಆಗ ತಿಳಿಯಿತು. ನೆತ್ತಿಯಿಂದ ದೀಪದ ಕಂಬ ಮೊಳೆಯದಂತೆ, ಸಮುದ್ರದ ಗೆರೆ ಕೊರಳನ್ನು ಕತ್ತರಿಸದಂತೆ ಹಿನ್ನೆಲೆಯನ್ನು ಮೊದಲೇ ನೋಡಿಕೊಳ್ಳಬೇಕು. ಹತ್ತಿರ ಹೋಗಬೇಕು, ಇನ್ನೂ ಹತ್ತಿರ ಹೋಗಬೇಕು.

ಮರು ಆದಿತ್ಯವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಹತ್ತಿರದ ಫೈವ್ ಗಾರ್ಡನ್ಸ್‌ಗೆ ಹೋದೆವು. ದೊಡ್ಡದೊಂದು ಮರದ ನೆರಳಿನ ಅಂಚಿನಲ್ಲಿ ಮಗಳನ್ನು ಕೂರಿಸಿದೆ. ನನ್ನ ಒಗೆದ ಬಿಳಿ ಧೋತರವನ್ನು ಹೆಂಡತಿ ಅವಳ ಮುಂದೆ ನೆಲದ ಮೇಲೆ ಹಾಸಿದಳು. ಅದರಿಂದ ಪುಟಿದ ಬೆಳಕು ಗಲ್ಲದ ಕೆಳಗಿನ ಕಪ್ಪನ್ನು ತೆಗೆಯುತ್ತದೆಂದು ಸ್ಟುಡಿಯೋದವರೇ ಹೇಳಿಕೊಟ್ಟಿದ್ದರು. ನಾನು ಮಣ್ಣಿನಲ್ಲಿ ಹೊಟ್ಟೆಯೂರಿ ಮಲಗಿದೆ. ವಾಯುಸೇವನೆಗೆ ಬಂದವರು ನನ್ನನ್ನು ಸುತ್ತುಹಾಕಿ ಹೋದರು. “ಏನ್ರಿ, ಮಂದಿ ನೋಡ್ಲಿಕತ್ತಾರ” ಎಂದಳು ಹೆಂಡತಿ.

“ನಗು” ಎಂದು ನಾನು ಹೇಳಲಿಲ್ಲ. ಹೇಳಿದಾಗಲೆಲ್ಲ ಮಗಳು ಹಲ್ಲುಪುಡಿಯ ಜಾಹೀರಾತಿನಂತೆ ಹಲ್ಲು ಕಿರಿಯುತ್ತಿದ್ದಳು. ಈಗ ಅವಳು ನಮ್ಮನ್ನು ಮರೆತು, ಉದುರಿದ ಹೂಗಳನ್ನು ಧೋತರದ ಮೇಲೆ ಸಾಲಾಗಿ ಇಡತೊಡಗಿದಳು. ಐದೋ ಆರೋ ಆದ ಮೇಲೆ ಲೆಕ್ಕ ತಪ್ಪಿತು. “ಅಪ್ಪಾ, ಮುಂದ ಎಷ್ಟು?” ಎಂದು ತಲೆಯೆತ್ತಿದಳು. ಗುಂಡಿ ಒತ್ತಿದೆ.

ಆ ಒಂದೇ ಚಿತ್ರವನ್ನು ದೊಡ್ಡದು ಮಾಡಿಸಿ ಕಳಿಸಿದೆ. ಹೊಗಳಿಕೆಯ ಕಾಗದ ಬರುವುದೆಂದು ಕಾದೆ. ಬಂದದ್ದು ಬೈಗುಳ.

“ಎಡಗಡೆ ಹುಬ್ಬಿನ ಮ್ಯಾಲೆ ಗಾಯ ಯಾವಾಗ ಆತು? ನನಗ ಯಾಕ ತಿಳಸಲಿಲ್ಲ?”

ಹಿಂದಿನ ಶ್ರಾವಣದಲ್ಲಿ ಮಗಳು ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಎರಡು ಹೊಲಿಗೆ ಹಾಕಿಸಿದ್ದೆವು. ಅವ್ವ ಗಾಬರಿಯಾದಾಳೆಂದು ಬರೆದಿರಲಿಲ್ಲ. ಅಕ್ಕಿಕಾಳಿನಷ್ಟು ಕಲೆ, ದಿನವೂ ನೋಡುವ ನಾವೇ ಅದನ್ನು ಮರೆತಿದ್ದೆವು. ಅವ್ವ ಆ ಚಿತ್ರವನ್ನು ಎಷ್ಟು ಸಲ, ಯಾವ ಯಾವ ಬೆಳಕಿಗೆ ಹಿಡಿದು ನೋಡಿರಬೇಕು!

ಆ ಕಾರ್ಡನ್ನು ಓದಿದ ಮೇಲೆ ಹಣ, ರಜೆಗಳ ಲೆಕ್ಕ ಹಾಕುವುದಕ್ಕೆ ಮನಸ್ಸಾಗಲಿಲ್ಲ. ಸಾಲ ಮಾಡಿ ಯುಗಾದಿಗೆ ಊರಿಗೆ ಹೋದೆವು. ಹೊಸ್ತಿಲಲ್ಲಿಯೇ ಅವ್ವ ಮೊಮ್ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಮೊದಲು ಮುಟ್ಟಿದ್ದು ಆ ಹುಬ್ಬನ್ನು.

ಆ ಮಗಳು ಈಗ ಪುಣೆಯಲ್ಲಿದ್ದಾಳೆ. ಅವಳಿಗೆ ಆರು ವರ್ಷದ ಮಗನಿದ್ದಾನೆ. ಈಗ ಎಫ್ ನಂಬರಿನ ಗೊಡವೆಯಿಲ್ಲ. ಫೋನಿನ ಗಾಜಿನ ಮೇಲೆ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿದರೆ ಅದು ಮುಖಕ್ಕೆ ಬೇಕಾದ ಬೆಳಕನ್ನು ಲೆಕ್ಕಹಾಕುತ್ತದೆ; ಸಾಲದಿದ್ದರೆ, ಪಕ್ಕದಲ್ಲಿ ಮೂಡುವ ಪುಟ್ಟ ಸೂರ್ಯನ ಗುರುತನ್ನು ಮೇಲಕ್ಕೆಳೆದರಾಯಿತು. ಆದರೂ ಮೊನ್ನೆ ಸಂಜೆ ಅವಳು ಕಳಿಸಿದ ಚಿತ್ರದಲ್ಲಿ ಸಿಂಹಗಡದ ಕೋಟೆಗೋಡೆ, ಕೆಂಪು ಆಕಾಶ, ನಡುವೆ ಮಸಿಯ ಮುದ್ದೆ. ನಾನು ಉತ್ತರ ಬರೆದೆ: “ಸಿಂಹಗಡ ಛಲೋ ಅದ. ಕೂಸು ಎಲ್ಲದ?”

ಮರುದಿನ ಬೆಳಿಗ್ಗೆ ಇನ್ನೊಂದು ಚಿತ್ರ ಬಂದಿತು. ಮನೆಯಂಗಳ, ಮರದ ನೆರಳು, ಗಾಜಿನ ತುಂಬ ಹುಡುಗನ ಮುಖ. ಮುಂದಿನ ಹಲ್ಲೊಂದು ಬಿದ್ದಿತ್ತು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ.