ಆಲದ ಹಾಲು, ಓಮ್ನಿ ಮತ್ತು ಒಂದು ಒತ್ತಕ್ಷರ

ಮೊದಲೇ ಹೇಳಿಬಿಡುತ್ತೇವೆ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಫ್ಲೆಕ್ಸ್ ಬ್ಯಾನರ್ ಶಿವರಾತ್ರಿ ರಜೆಯಲ್ಲಿ ಮೂರು ದಿನ ಸ್ಟೋರ್ ರೂಮಿನಲ್ಲಿ ಇರಲಿಲ್ಲ. ನಮ್ಮ ಹತ್ತಿರ ಇತ್ತು. ಯಾರನ್ನೂ ಕೇಳದೆ ಸುತ್ತಿ ಬ್ಯಾಗಿಗೆ ತುರುಕಿಕೊಂಡು ಹೋಗಿದ್ದೆವು, ತಪ್ಪು ನಮ್ಮದೇ. ಅದರಲ್ಲಿ ಒಂದು ಒತ್ತಕ್ಷರ ಹೇಗೆ ಕಾಣೆಯಾಯಿತು ಅನ್ನುವುದನ್ನು ಈಗ ಹೇಳುತ್ತೇವೆ.

ನಾವು ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಸಿವಿಲ್, ಒಬ್ಬ ಇ ಅಂಡ್ ಸಿ. ಸಿವಿಲ್‌ನವನ ಊರು ಹೊಸದುರ್ಗ ತಾಲ್ಲೂಕಿನ ಬಾಗೂರು. ಚನ್ನಕೇಶವನ ದೇವಸ್ಥಾನ ಇರುವ ಊರು. ಅವರ ಅಪ್ಪನ ಹತ್ತಿರ ಒಂದು ಹಳೇ ಬಿಳಿ ಓಮ್ನಿ ಇದೆ. ವಾರವೆಲ್ಲ ತೆಂಗಿನಕಾಯಿ, ತರಕಾರಿ ಹೊತ್ತು ಸಂತೆಗೆ ಹೋಗುವ ಗಾಡಿ ಅದು. ಯೂಟ್ಯೂಬಿನಲ್ಲಿ ವಿದೇಶದವರ ಮೋಟಾರ್‌ಹೋಮ್ ವಿಡಿಯೋ ನೋಡಿ ನೋಡಿ ನಮಗೂ ಒಂದು ಆಸೆ ಹುಟ್ಟಿತ್ತು. ನಮ್ಮ ಕಡೆ ಕ್ಯಾರವಾನ್ ಅಂದರೆ ಸಿನಿಮಾ ಹೀರೋಗಳು ಮೇಕಪ್ ಹಾಕ್ಕೊಳ್ಳೋ ಗಾಡಿ ಅಷ್ಟೇ ತಾನೆ. ನಾವೇ ಯಾಕೆ ಒಂದು ಮಾಡಬಾರದು? ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದೆವು. ಎರಡು ಲೀಟರಿನ ಕುಕ್ಕರು, ಒಂದು ಸಣ್ಣ ಸ್ಟೌವ್ ಇಟ್ಟೆವು. ಬಾಗಿಲ ಪಕ್ಕ ಚಪ್ಪರಕ್ಕೆ ಬ್ಯಾನರ್ ಇದ್ದೇ ಇತ್ತು. ಗಾಡಿ ಕೊಡುವಾಗ ಅಪ್ಪ ಹಾಕಿದ ಷರತ್ತು ಒಂದೇ: "ಹೆಂಗ್ ತಗಂಡೋಗ್ತೀರೋ ಹಂಗೇ ತಂದ್ ನಿಲ್ಸಿ."

ಮೊದಲ ದಿನ ಮಾರಿಕಣಿವೆಯ ಹಿನ್ನೀರು ನೋಡಿಕೊಂಡು ಬಂದೆವು. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಸಂಜೆ ಬಾಗೂರಿಗೆ ವಾಪಸ್. ಮನೆಯಲ್ಲಿ ಅಜ್ಜಿ ಚಾಪೆ ಹಾಸಿ ಕಾಯುತ್ತಿದ್ದರು. ಆದರೆ ಮೋಟಾರ್‌ಹೋಮ್ ಇಟ್ಟುಕೊಂಡು ಮನೆಯಲ್ಲಿ ಮಲಗುವುದುಂಟೇ? ಊರಾಚೆ ತೋಪಿನ ಅಂಚಿನಲ್ಲಿ ದೊಡ್ಡ ಆಲದ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಬ್ಯಾನರಿನ ಒಂದು ಅಂಚನ್ನು ಓಮ್ನಿಯ ನೆತ್ತಿಗೆ, ಇನ್ನೊಂದನ್ನು ಎದುರಿನ ಮಾವಿನ ಮರಕ್ಕೆ ಕಟ್ಟಿದೆವು. ಮಾವು ಹೂ ಬಿಟ್ಟು ಘಮ್ ಅಂತಿತ್ತು. ಅಕ್ಷರಗಳ ಮುಖ ಮೇಲೆ. ಫೋಟೋ ಚೆನ್ನಾಗಿ ಬರಲಿ ಅಂತ.

ಎರಡನೇ ದಿನ ಮಧ್ಯಾಹ್ನ ಕುರಿ ಮೇಯಿಸುವವರೊಬ್ಬರು ಬಂದು ಮರ ಹತ್ತಿ ಮೇಕೆಗಳಿಗೆ ಆಲದ ಸೊಪ್ಪು ಕಡಿದು ಹಾಕಿದರು. ನಾವು ಕೆಳಗೆ ಕೂತು ಮೇಕೆಗಳ ವಿಡಿಯೋ ಮಾಡುತ್ತಿದ್ದೆವು. ಕಡಿದ ಕೊಂಬೆಯ ಬುಡದಿಂದ ಹಾಲು ತೊಟ್ಟಿಕ್ಕಿ ನಮ್ಮ ಗಾಡಿಯ ಮೇಲೇ ಬೀಳುತ್ತಿದೆ ಅನ್ನುವುದು ಒಬ್ಬನ ತಲೆಗೂ ಹೋಗಲಿಲ್ಲ. ಆಗ ಒಂದು ಬಕೆಟ್ ನೀರು ಹೊಯ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಮೂರನೇ ದಿನ ಬೆಳಗ್ಗೆ ನೋಡುತ್ತೇವೆ, ಓಮ್ನಿಯ ನೆತ್ತಿ ತುಂಬ ಕಂದು ಬಣ್ಣಕ್ಕೆ ತಿರುಗಿದ ಅಂಟಿನ ಹನಿಗಳು, ಅದರ ಮೇಲೆ ಧೂಳು, ಜೊತೆಗೆ ಆಲದ ಹಣ್ಣು ತಿಂದ ಹಕ್ಕಿಗಳ ಹಿಕ್ಕೆ. ಹಿಂದಿನ ಗಾಜಿನ ಮೇಲ್ಭಾಗಕ್ಕೂ ಹಾಲು ಇಳಿದು ಗಟ್ಟಿಯಾಗಿತ್ತು. ಮಾವಿನ ಕಡೆ ಬ್ಯಾನರ್ ಮುಟ್ಟಿದರೆ ಬೆರಳಿಗೆ ಸಕ್ಕರೆ ಪಾಕದ ಹಾಗೆ ಹತ್ತುತ್ತಿತ್ತು. ಗಾಡಿಯ ಕಡೆಯ ಅಂಚಿನಲ್ಲಿ ಮತ್ತೆ ಅದೇ ಆಲದ ಹನಿ. ಸಂಜೆಗೆ ಗಾಡಿ ಒಪ್ಪಿಸಬೇಕು.

ಎಂಜಿನಿಯರುಗಳಲ್ಲವೇ ನಾವು, ತಕ್ಷಣ ಕೆಲಸಕ್ಕೆ ಇಳಿದೆವು. ಯೋಚನೆ ಮಾತ್ರ ಮಾಡಲಿಲ್ಲ. ಒಬ್ಬ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹಿಡಿದು ಬಿಸಿಲಿಗೆ ಕಾದ ನೆತ್ತಿಯನ್ನು ಉಜ್ಜಿದ. ಅಂಟು ಕದಲಲಿಲ್ಲ, ಹೊಳಪು ಹೋಯಿತು. ಆ ಸ್ಕ್ರಬ್ಬರಿನ ನಾರಿಗೆ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಡಸು ಪುಡಿ ಅಂಟಿಸಿರುತ್ತಾರೆ. ಪೇಂಟಿಗಿಂತ ಅದು ಎಷ್ಟೋ ಗಡಸು. ಅಂಗೈ ಅಗಲದ ಒಂದು ಮಂಕು ಕಲೆ ಈಗಲೂ ಅಲ್ಲೇ ಇದೆ.

ಇನ್ನೊಬ್ಬ ಊರೊಳಗೆ ಹೋಗಿ ಒಂದು ಬಾಟಲಿ ಥಿನ್ನರ್ ತಂದ. "ಗುರು, ಇದಕ್ಕೆ ಬಗ್ಗದೇ ಇರೋ ಅಂಟೇ ಇಲ್ಲ." ಬಟ್ಟೆಗೆ ಹಚ್ಚಿಕೊಂಡು ಸೀದಾ ಹಿಂದಿನ ಗಾಜಿನ ಮೇಲ್ಭಾಗಕ್ಕೆ ಹೋದ. ಅಲ್ಲಿ ಹಳದಿ ಎನಾಮಲ್ಲಿನಲ್ಲಿ "ಅಮ್ಮನ ಆಶೀರ್ವಾದ" ಅಂತ ಕೈಬರಹ ಇದೆ. ಪ್ರತಿ ಅಕ್ಷರಕ್ಕೂ ಕೆಂಪು ನೆರಳು.

"ಏಯ್, ಅಲ್ಲಿ ಬೇಡ!" ಅಂತ ಸಿವಿಲ್‌ನವನು ಕೂಗಿದ. ಮೂರು ದಿನದಲ್ಲಿ ಅವನು ದನಿ ಏರಿಸಿದ್ದು ಅದೊಂದೇ ಸಲ. ಆಮೇಲೆ ಹೇಳಿದ. ಆ ಅಕ್ಷರ ಬರೆದದ್ದು ಅವನ ದೊಡ್ಡಪ್ಪ. ಅಂಗಡಿ ಬೋರ್ಡು, ಲಾರಿ ಹಿಂಭಾಗ, ಚುನಾವಣೆ ಗೋಡೆ, ಎಲ್ಲ ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ನಿಂತಿತು. ಓಮ್ನಿ ಮನೆಗೆ ಬಂದಾಗ ಇದನ್ನು ಬರೆದರು. ಈಗ ಅವರಿಲ್ಲ. ಅವರ ಕೈಬರಹ ಅಂತ ಮನೆಯಲ್ಲಿ ಉಳಿದಿರುವುದು ಇದೊಂದೇ ಸಾಲು.

ನಾವು ಸುಮ್ಮನಾದೆವು. ಥಿನ್ನರ್ ಹಿಡಿದವನು ಮೆಲ್ಲಗೆ, "ಸರಿ, ಮೊದಲು ಬ್ಯಾನರ್ ಮೇಲೆ ಟೆಸ್ಟ್ ಮಾಡೋಣ" ಅಂದ. ಬ್ಯಾನರಿನ ಅಂಚಿನ ಒಂದು ಹನಿಯ ಮೇಲೆ ಒತ್ತಿ ಒರೆಸಿದ. ಆಲದ ಹಾಲು ಬಂತು. ಅದರ ಜೊತೆಗೇ ಕೆಂಪು ಶಾಯಿಯೂ ಬಂತು. "ಕನ್ನಡ ರಾಜ್ಯೋತ್ಸವ" ಅಂತ ಇದ್ದದ್ದು "ಕನಡ ರಾಜ್ಯೋತ್ಸವ" ಆಯಿತು. ನಮಗೆ ನಗು ಬರಲಿಲ್ಲ. ಎಲ್ಲರ ಕಣ್ಣೂ ಓಮ್ನಿಯ ಹಳದಿ ಅಕ್ಷರದ ಕಡೆಗೇ ಹೋಯಿತು. ಅರ್ಧ ನಿಮಿಷ ತಡವಾಗಿದ್ದರೆ ಅಲ್ಲಿ ಏನಾಗುತ್ತಿತ್ತು ಅಂತ ಬಾಯಿಬಿಟ್ಟು ಹೇಳುವುದು ಯಾರಿಗೂ ಬೇಕಿರಲಿಲ್ಲ. ಥಿನ್ನರಿಗೆ ಯಾವುದು ಕೊಳೆ, ಯಾವುದು ಅಕ್ಷರ ಅನ್ನುವ ವ್ಯತ್ಯಾಸ ಗೊತ್ತಿಲ್ಲ. ಅದು ಗೊತ್ತಿರಬೇಕಾದದ್ದು ಬಟ್ಟೆ ಹಿಡಿದವನಿಗೆ.

ಅಷ್ಟರಲ್ಲಿ ಅಜ್ಜಿ ತಿಂಡಿ ಡಬ್ಬಿ ಹಿಡಿದುಕೊಂಡು ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಒಂದು ಹನಿಯನ್ನು ಉಗುರಲ್ಲಿ ಕೆರೆದು ನೋಡಿದರು. "ಹಲಸಿನಣ್ಣು ಬಿಡಿಸಾವಾಗ ಕೈಗೆ ಏನ್ ಹಚ್ಕಂತೀರಾ?"

"ಕೊಬ್ಬರಿ ಎಣ್ಣೆ."

"ಮತ್ತೆ ಇದಕ್ಯಾಕೆ ಈ ವಾಸನೆ ನೀರು?"

ನಾಲ್ಕು ಜನವೂ ಮೊದಲ ವರ್ಷದ ಕೆಮಿಸ್ಟ್ರಿ ಪಾಸಾದವರು. ಪೋಲಾರ್ ವಸ್ತು ಪೋಲಾರ್ ದ್ರಾವಕದಲ್ಲಿ ಕರಗುತ್ತದೆ, ನಾನ್‌ಪೋಲಾರ್ ವಸ್ತು ನಾನ್‌ಪೋಲಾರ್ ದ್ರಾವಕದಲ್ಲಿ. ಎರಡು ಮಾರ್ಕಿನ ಪ್ರಶ್ನೆಗೆ ಎಷ್ಟು ಸಲ ಬರೆದಿಲ್ಲ! ಆಲ, ಹಲಸು, ಅತ್ತಿ, ಅರಳಿ ಎಲ್ಲ ಒಂದೇ ಕುಟುಂಬದ ಮರಗಳು, ಹಿಪ್ಪುನೇರಳೆಯ ಕುಟುಂಬ. ಇವುಗಳ ಹಾಲು ಅಂದರೆ ನೀರಿನಲ್ಲಿ ತೇಲುವ ರಬ್ಬರು, ರಾಳದಂಥ ವಸ್ತುಗಳ ಸಣ್ಣ ಕಣಗಳು. ಹಸಿಯಾಗಿದ್ದಾಗ ನೀರಲ್ಲೇ ತೊಳೆದು ಹೋಗುತ್ತದೆ. ನೀರಿನಂಶ ಆರಿದ ಮೇಲೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಪದರವಾಗುತ್ತವೆ, ಆಮೇಲೆ ನೀರಿಗೆ ಸೊಪ್ಪು ಹಾಕುವುದಿಲ್ಲ. ಹಿಂದೆ ಹಕ್ಕಿ ಹಿಡಿಯುವವರು ಇಂಥ ಮರಗಳ ಹಾಲಿನಿಂದಲೇ ಅಂಟು ಮಾಡುತ್ತಿದ್ದರು. ರಬ್ಬರು ಬರೀ ಕಾರ್ಬನ್, ಹೈಡ್ರೋಜನ್ ಸರಪಳಿ, ಆದ್ದರಿಂದ ಅದು ಸೋಲುವುದು ಎಣ್ಣೆಯ ಜಾತಿಯವುಗಳಿಗೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ರೈನ್‌ಕೋಟಿನ ಬಟ್ಟೆಗೆ ಪೇಟೆಂಟ್ ಪಡೆದದ್ದು ಇದೇ ಸೂತ್ರದ ಮೇಲೆ: ಟಾರಿನಿಂದ ತೆಗೆದ ನ್ಯಾಫ್ತಾದಲ್ಲಿ ರಬ್ಬರು ಕರಗಿಸಿ ಎರಡು ಬಟ್ಟೆಗಳ ನಡುವೆ ಸವರಿದ. ನಮ್ಮ ಅಜ್ಜಿಯರು ಹಲಸಿನ ತೊಳೆಯ ಮುಂದೆ ಕೂತು ಅದನ್ನೇ ಎಣ್ಣೆಯಲ್ಲಿ ಮಾಡುತ್ತಾರೆ.

ಆಮೇಲೆ ಕೆಲಸ ಹೀಗೆ ನಡೆಯಿತು. ಮೊದಲು ಗಾಡಿಯನ್ನು ಮರವಿಲ್ಲದ ಕಡೆ, ಮನೆಯ ಗೋಡೆಯ ನೆರಳಿಗೆ ತಂದು ತಗಡು ತಣ್ಣಗಾಗಲು ಬಿಟ್ಟೆವು. ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿದೆವು, ಉಜ್ಜಲಿಲ್ಲ. ಧೂಳಿನ ಮೇಲೆ ಉಜ್ಜಿದರೆ ಧೂಳೇ ಉಪ್ಪುಕಾಗದ ಆಗುತ್ತದೆ, ಅದಕ್ಕೇ ಪೂರ್ತಿ ಗಾಡಿಗೆ ಧಾರಾಳವಾಗಿ ನೀರು ಹೊಯ್ದೆವು. ಗಾಡಿ ಒಣಗಿದ ಮೇಲೆ ಒಂದೊಂದು ಹನಿಯ ಮೇಲೂ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು ಹದಿನೈದು ನಿಮಿಷ ಕಾದೆವು. ಎಣ್ಣೆ ಅಂಟನ್ನು ಮೆತ್ತಗೆ ಮಾಡುತ್ತದೆ, ಅಂಚಿನಿಂದ ಕೆಳಗೆ ಇಳಿದು ಪೇಂಟಿನ ಹಿಡಿತ ಬಿಡಿಸುತ್ತದೆ. ಆಮೇಲೆ ಹೆಬ್ಬೆರಳಲ್ಲಿ ಮೆಲ್ಲಗೆ ಹೊರಳಿಸಿದರೆ ಎರೇಸರಿನ ಹೊಟ್ಟಿನ ಹಾಗೆ ಸುರುಳಿಯಾಗಿ ಎದ್ದು ಬರುತ್ತದೆ. ಬರದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು. ಹಳದಿ ಅಕ್ಷರದ ಮೇಲಿನ ಹನಿಗಳನ್ನು ಸಿವಿಲ್‌ನವನು ಒಬ್ಬನೇ ತೆಗೆದ. "ಆಶೀರ್ವಾದ"ದ ಆರ್ಕಾವತ್ತಿನ ಮೇಲೆ ಕೂತಿದ್ದ ಒಂದೇ ಹನಿಗೆ ಅರ್ಧ ಗಂಟೆ. ಕೊನೆಗೆ ಸೋಪು ನೀರಲ್ಲಿ ಎಣ್ಣೆ ಜಿಡ್ಡು ತೊಳೆದೆವು, ಇಲ್ಲದಿದ್ದರೆ ಹೊಸ ಧೂಳು ಅದಕ್ಕೇ ಹತ್ತುತ್ತದೆ.

ಬ್ಯಾನರಿನ ಮಾವಿನ ಕಡೆಯ ಅಂಟು ಬೇರೆ ಜಾತಿಯದು. ಅದು ಮರದ ಹಾಲೂ ಅಲ್ಲ, ಗೋಂದೂ ಅಲ್ಲ. ಹೂವಿನ ಕಾಲದಲ್ಲಿ ಮಾವಿಗೆ ಬರುವ ಜಿಗಿಹುಳು ರಸ ಹೀರಿ ಹೊರಹಾಕುವ ಸಿಹಿ ದ್ರವ. ಸಕ್ಕರೆ ಅಂದಮೇಲೆ ನೀರಿಗೆ ಕರಗಲೇಬೇಕು. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ, ಹತ್ತು ನಿಮಿಷದಲ್ಲಿ ಸ್ವಚ್ಛ. ಹಾಗೇ ಬಿಟ್ಟಿದ್ದರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತಿತ್ತು. ಚಿತ್ರದುರ್ಗದ ಬಯಲಲ್ಲಿ ಬೇಕಾದಷ್ಟು ಇರುವ ಜಾಲಿಯ ಗೋಂದಿಗೂ ನೀರೇ ಮದ್ದು, ಆದರೆ ಅದನ್ನು ಹೆಚ್ಚು ಹೊತ್ತು ನೆನೆಸಬೇಕು. ಫ್ಲೆಕ್ಸಿಗೆ ಥಿನ್ನರ್ ಯಾವತ್ತೂ ಬೇಡ. ಶಾಯಿ ಹೋಗುವುದು ಒಂದು ಕಡೆ, ಪಿವಿಸಿ ಪದರವನ್ನು ಮೆತ್ತಗೆ ಇಡುವ ಪ್ಲಾಸ್ಟಿಸೈಜರ್ ಕೂಡ ಹೊರಟುಹೋಗಿ ಹಾಳೆ ಗಡುಸಾಗಿ ಸೀಳುತ್ತದೆ. ತೊಳೆದ ಮೇಲೆ ಪೂರ್ತಿ ಒಣಗಿಸಿಯೇ ಸುತ್ತಿಡಬೇಕು.

ಅಂಟೆಲ್ಲ ನೋಡಲು ಒಂದೇ ಥರ ಇರುತ್ತದೆ. ಬೆಳಗ್ಗೆಯಿಂದ ನಾವು ಕೇಳಿಕೊಂಡದ್ದು "ಏನು ಹಚ್ಚಿದರೆ ಹೋಗುತ್ತೆ" ಅಂತ. ಅಜ್ಜಿ ಮೊದಲು ನೋಡಿದ್ದು "ಇದು ಏನು" ಅಂತ. ಅಂಟಿನ ಕೆಳಗೆ ಏನಿದೆ ಅನ್ನುವುದನ್ನು ನಮಗೆ ನೆನಪಿಸಿದವನು ಸಿವಿಲ್‌ನವನು. ಈ ಎರಡೂ ತಿಳಿದ ಮೇಲೆ ಉಳಿದದ್ದು ಬರೀ ತಾಳ್ಮೆಯ ಕೆಲಸ.

ಸಂಜೆ ಅಪ್ಪ ಬಂದರು. ನಾವೇ ಮೊದಲು ನೆತ್ತಿಯ ಮಂಕು ಕಲೆ ತೋರಿಸಿ ತಪ್ಪಾಯಿತು ಅಂದೆವು. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ. ಗಾಡಿಯ ಹಿಂದಕ್ಕೆ ಹೋಗಿ, ಅಕ್ಷರಗಳ ಮೇಲೆ ಒಂದು ಸಲ ಬೆರಳಾಡಿಸಿದರು. ಆಮೇಲೆ ಒಳಗೆ ತಿರುಗಿ ಕೇಳಿದರು: "ಅವ್ವಾ, ಎಣ್ಣೆ ಡಬ್ಬಿ ಏನಾರಾ ಉಳೀತಾ?"

ಉಳಿದಿರಲಿಲ್ಲ. ಅರ್ಧ ಲೀಟರ್ ಖಾಲಿ. ಬರುವಾಗ ಹೊಸದುರ್ಗದಲ್ಲಿ ಇಳಿದು ಒಂದು ಲೀಟರ್ ಕೊಂಡು ಬಾಗೂರಿನ ಬಸ್ಸಿನಲ್ಲಿ ಕಳಿಸಿಕೊಟ್ಟೆವು.

ಬ್ಯಾನರ್ ಸ್ಟೋರ್ ರೂಮಿಗೆ ವಾಪಸ್ ಬಂದಿದೆ. ಬಳಗದವರು ಬಯ್ಯಬಹುದು, ಬಯ್ಯಲಿ. ಹೊಸ ಫ್ಲೆಕ್ಸ್ ಪ್ರಿಂಟ್ ಹಾಕಿಸೋಣ ಅಂತ ಮಾತ್ರ ಹೇಳಬೇಡಿ, ಇದಿನ್ನೂ ಗಟ್ಟಿಯಾಗಿದೆ. ಒಂದು ಸಣ್ಣ ಡಬ್ಬಿ ಕೆಂಪು ಬಣ್ಣ, ಒಂದು ಬ್ರಷ್ ತಂದಿಟ್ಟಿದ್ದೇವೆ. ನವೆಂಬರ್ ಒಂದರೊಳಗೆ ಆ ನ ಒತ್ತು ಬರೆಯುತ್ತೇವೆ. ಹಳೇ ನೋಟ್‌ಬುಕ್ಕಿನ ಹಿಂದೆ ಪ್ರಾಕ್ಟೀಸ್ ನಡೆದಿದೆ. ಸ್ವಲ್ಪ ಸೊಟ್ಟಗೆ ಬರುತ್ತಿದೆ.