ಗೇರು ಗಾಡಿಯೋ, ಆಟೋಮ್ಯಾಟಿಕ್ ಗಾಡಿಯೋ?

ಮದುವೆ ಮನೆಯಾಗಲಿ, ಬಸದಿಯಲ್ಲಿ ಪೂಜೆ ಮುಗಿದ ಮೇಲಿನ ಊಟದ ಪಂಕ್ತಿಯಾಗಲಿ, ನಮ್ಮವರು ನಾಲ್ಕು ಜನ ಸೇರಿದ ಕಡೆ ಇತ್ತೀಚೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಹೊಸ ಕಾರು ತಗೋಬೇಕಂತ ಇದ್ದೀವಿ. ಗೇರಿಂದು ತಗೊಳ್ಳೋದೋ, ಆಟೋಮ್ಯಾಟಿಕ್ಕೋ?" ಹಿರಿಯರೆಲ್ಲ ಗೇರಿನ ಪರ, ಕಿರಿಯರೆಲ್ಲ ಆಟೋಮ್ಯಾಟಿಕ್ ಪರ. ಎಲೆಯ ಮೇಲಿನ ಪಾಯಸ ಆರಿದರೂ ವಾದ ಮುಗಿಯುವುದಿಲ್ಲ.

ನಾವು ಇಂಜಿನಿಯರರಲ್ಲ. ಹತ್ತನೆಯ ತರಗತಿ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕುಳಿತವರು. ಆದರೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಗಾಡಿ ನಡೆಸಿದ್ದೇವೆ. ಈಗ ನಮ್ಮ ಮನೆಯಲ್ಲಿ ಎರಡೂ ತರಹದ ಗಾಡಿಗಳಿವೆ. ಆದ್ದರಿಂದ ವ್ಯಾಪಾರಿಯ ಪದ್ಧತಿಯಂತೆ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ವಾಚಕ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ನಮ್ಮ ಕಡೆಯ ದಾರಿಗಳ ಪರಿಚಯ ಮಾಡಿಕೊಡಬೇಕು. ನಮ್ಮ ಮಾಧವರಂ ಆದೋನಿಯಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿದೆ. ಮಂತ್ರಾಲಯಕ್ಕೆ ತಿರುಗುವುದೂ ಇಲ್ಲಿಂದಲೇ. ತುಂಗಭದ್ರೆಯ ಸೇತುವೆ ದಾಟಿದರೆ ಕರ್ನಾಟಕ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮಗೆ ಕಚೇರಿಯ ಕೆಲಸ ಒಂದು ರಾಜ್ಯದಲ್ಲಿ, ಬೀಗತನ ಇನ್ನೊಂದು ರಾಜ್ಯದಲ್ಲಿ. ಹತ್ತಿ ಮಾರಲು ಆದೋನಿಗೆ ಹೋಗಬೇಕು. ಹೆಣ್ಣು ಕೊಡಲು, ತರಲು, ದೊಡ್ಡ ಆಸ್ಪತ್ರೆಗೆ ರಾಯಚೂರು, ಬಳ್ಳಾರಿಗೆ ಹೋಗಬೇಕು. ಇಂಥ ಊರಿನಲ್ಲಿ ಗಾಡಿ ಶೋಕಿಯ ವಸ್ತುವಲ್ಲ. ದಾರಿಯಲ್ಲಿ ಹತ್ತಿ ತುಂಬಿದ ಲಾರಿಗಳು, ಕುರಿಹಿಂಡು, ಎತ್ತಿನ ಬಂಡಿ. ಗುರುವಾರ ಬಂತೆಂದರೆ ಮಂತ್ರಾಲಯದ ಯಾತ್ರಿಕರ ಬಸ್ಸು, ಜೀಪುಗಳ ಸಾಲು. ಮಳೆಗಾಲದಲ್ಲಿ ಡಾಂಬರು ಬಿಟ್ಟು ನಾಲ್ಕು ಮಾರು ಕೆಳಗಿಳಿದರೆ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ.

ನಾವು ಕಲಿತದ್ದು ಅಂಬಾಸಿಡರ್ ಕಾರಿನಲ್ಲಿ. ಅದರ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮೀನಖಂಡ ಕಲ್ಲಿನಂತಾಗುತ್ತಿತ್ತು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಾರುತಿಯವರ ಸೆಲೆರಿಯೋ ಬಂತು. ಅಲ್ಲಿಯವರೆಗೆ ಆಟೋಮ್ಯಾಟಿಕ್ ಎಂದರೆ ಬಹುಮಟ್ಟಿಗೆ ದೊಡ್ಡವರ ದೊಡ್ಡ ಕಾರು. ನಮ್ಮಂಥವರ ಕೈಗೆ ಎಟುಕುವ ಬೆಲೆಯಲ್ಲಿ ಎ.ಎಮ್.ಟಿ. ಎಂಬ ಹೊಸ ಬಗೆ ಬಂದದ್ದು ಆ ಗಾಡಿಯಿಂದ. ಅಮೆರಿಕದಲ್ಲಿ ಇದು ಹಳೆಯ ಮಾತು. ಜನರಲ್ ಮೋಟಾರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲೇ ಕ್ಲಚ್ ಪೆಡಲ್ ಇಲ್ಲದ ಗೇರುಪೆಟ್ಟಿಗೆ ಕೊಟ್ಟಿತ್ತು.

ಹೆಸರು ಒಂದೇ ಆದರೂ ಆಟೋಮ್ಯಾಟಿಕ್‌ನಲ್ಲಿ ಬಗೆಗಳಿವೆ. ಎ.ಎಮ್.ಟಿ.ಯಲ್ಲಿ ಗೇರುಪೆಟ್ಟಿಗೆಯೂ ಕ್ಲಚ್ಚೂ ಗೇರು ಗಾಡಿಯವೇ. ಕ್ಲಚ್ ಒತ್ತುವ, ಗೇರು ಬದಲಿಸುವ ಕೆಲಸವನ್ನು ನಮ್ಮ ಕೈಕಾಲಿನ ಬದಲು ಯಂತ್ರ ಮಾಡುತ್ತದೆ, ಅಷ್ಟೆ. ಅದಕ್ಕೇ ಬೆಲೆ ಕಡಿಮೆ. ಗೇರಿನ ಗಾಡಿಗಿಂತ ಸುಮಾರು ಅರ್ಧ ಲಕ್ಷ ಹೆಚ್ಚು. ಮೈಲೇಜೂ ಬಹುಮಟ್ಟಿಗೆ ಗೇರು ಗಾಡಿಯಷ್ಟೇ ಬರುತ್ತದೆ. ಆದರೆ ಗೇರು ಬದಲಾಗುವಾಗ ಒಂದು ಸಣ್ಣ ತೂಗು ಬರುತ್ತದೆ. ಟಾರ್ಕ್ ಕನ್ವರ್ಟರ್ ಎಂಬ ಹಳೆಯ ಬಗೆಯಲ್ಲಿ ಇಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ಗೇರುಪೆಟ್ಟಿಗೆಗೆ ಸಾಗುತ್ತದೆ. ಬೆಣ್ಣೆಯಂತೆ ಸಾಗುತ್ತದೆ, ಬೆಲೆಯೂ ಜಾಸ್ತಿ. ಸಿ.ವಿ.ಟಿ. ಎಂಬುದರಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ. ಹಿಗ್ಗಿ ಕುಗ್ಗುವ ಎರಡು ರಾಟೆಗಳ ನಡುವೆ ಪಟ್ಟಿ ಓಡುತ್ತದೆ. ಅಂಗಡಿಯವನು "ಆಟೋಮ್ಯಾಟಿಕ್ ಸಾರ್" ಎಂದೊಡನೆ ತಲೆಯಾಡಿಸದೆ, ಯಾವ ಬಗೆ ಎಂದು ಕೇಳಬೇಕು.

ಈಗ ಗೇರು ಗಾಡಿಯ ಜಮಾ ಬರೆಯೋಣ. ಬೆಲೆ ಕಡಿಮೆ. ಹಳ್ಳಿಯ ಮೆಕ್ಯಾನಿಕ್ಕಿಗೂ ಅದರ ನಾಡಿ ಗೊತ್ತು. ಬ್ಯಾಟರಿ ಕೆಟ್ಟರೆ ನಾಲ್ಕು ಜನ ತಳ್ಳಿದರೆ ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ಚಾಲೂ ಮಾಡಬಹುದು. ಆಟೋಮ್ಯಾಟಿಕ್ ಗಾಡಿಯನ್ನು ಹೀಗೆ ತಳ್ಳಿ ಚಾಲೂ ಮಾಡಲಾಗದು; ಕಟ್ಟಿ ಎಳೆಯುವುದಕ್ಕೂ ಕಟ್ಟುಪಾಡುಗಳುಂಟು. ಎರೆಮಣ್ಣಿನಲ್ಲಿ ಗಾಲಿ ಹೂತರೆ ಮೊದಲನೆಯ ಗೇರು, ರಿವರ್ಸ್, ಮತ್ತೆ ಮೊದಲನೆಯದು ಎಂದು ತೊಟ್ಟಿಲು ತೂಗಿದಂತೆ ತೂಗಿ ಹೊರತರುವ ಉಪಾಯ ಗೇರು ಗಾಡಿಯಲ್ಲಿ ಸಲೀಸು. ಘಟ್ಟ ಇಳಿಯುವಾಗಲೂ ಹಾಗೆಯೇ. ನಾವು ಧರ್ಮಸ್ಥಳ, ವೇಣೂರು, ಕಾರ್ಕಳ ಯಾತ್ರೆಗೆ ಹೋದಾಗ ಚಾರ್ಮಾಡಿ ಘಟ್ಟವನ್ನು ಎರಡನೆಯ ಗೇರಿನಲ್ಲಿ ಇಳಿದೆವು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂದು ಹಳೆಯ ಲಾರಿ ಡ್ರೈವರುಗಳು ಕಲಿಸಿದ ಪಾಠ. ಆಗ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕು ಕಾಯುವುದಿಲ್ಲ.

ಇನ್ನೊಂದು ಜಮಾ ಮಕ್ಕಳಿಗೆ ಸಂಬಂಧಿಸಿದ್ದು. ನಮ್ಮ ಸಮಾಜದ ಹುಡುಗ ಹುಡುಗಿಯರು ಓದಿಗೆ, ನೌಕರಿಗೆ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಇಂಗ್ಲೆಂಡಿನಲ್ಲಿ ಆಟೋಮ್ಯಾಟಿಕ್ ಗಾಡಿಯಲ್ಲಿ ಪರೀಕ್ಷೆ ಪಾಸಾದವರು ಗೇರಿನ ಗಾಡಿ ನಡೆಸುವಂತಿಲ್ಲ. ಗೇರಿನಲ್ಲಿ ಪಾಸಾದವರು ಎರಡನ್ನೂ ನಡೆಸಬಹುದು. ಜಪಾನಿನಲ್ಲೂ 1991ರಿಂದ ಆಟೋಮ್ಯಾಟಿಕ್‌ಗೆ ಮಾತ್ರ ಎಂಬ ಬೇರೆ ಲೈಸೆನ್ಸ್ ಕೊಡುತ್ತಾರೆ. ಕಲಿಯುವ ವಯಸ್ಸಿನಲ್ಲಿ ಗೇರು ಕಲಿತರೆ ಅದು ಖರ್ಚಾಗದ ಬಂಡವಾಳ.

ಇಷ್ಟೆಲ್ಲ ಬರೆದ ಮೇಲೆ ಗೇರೇ ಗೆದ್ದಿತು ಎಂದು ಹಿರಿಯರು ಸಂತೋಷಪಡಬಹುದು. ಸ್ವಲ್ಪ ತಾಳಿ, ಲೆಕ್ಕ ಇನ್ನೂ ಮುಗಿದಿಲ್ಲ.

ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು ಗಾಡಿ ನಡೆಸುತ್ತಾರೆ? ಲೈಸೆನ್ಸ್ ಇರುತ್ತದೆ, ಬೀರುವಿನಲ್ಲಿರುತ್ತದೆ. ಕಲಿಯುವಾಗ ಏನಾಗುತ್ತದೆ ನೋಡಿ. ಏರಿನಲ್ಲಿ ಕ್ಲಚ್ ಬಿಡುವಾಗ ಗಾಡಿ ನಿಲ್ಲುತ್ತದೆ, ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಪಕ್ಕದಲ್ಲಿ ಕುಳಿತ ಗಂಡನೋ ಮೈದುನನೋ ಗದರುತ್ತಾನೆ. ಅಲ್ಲಿಗೆ ಕಲಿಕೆ ಮುಗಿಯಿತು. ಆಮೇಲೆ ಜನ್ಮವಿಡೀ ಹಿಂದಿನ ಸೀಟು. ನಮ್ಮ ಸೊಸೆಯದೂ ಇದೇ ಕಥೆಯಾಗುತ್ತಿತ್ತು. ಹಳೆಯ ಡೀಸೆಲ್ ಗಾಡಿಯಲ್ಲಿ ಕಲಿತಿದ್ದಳು. ಊರೊಳಗೆ ನಡೆಸುವಳು, ಹೆದ್ದಾರಿಗೆ ಬಾರಳು. ನಮ್ಮ ಎಡ ಮಂಡಿ ಸವೆದು ಕ್ಲಚ್ ಒತ್ತುವುದು ಕಷ್ಟವಾದ ಮೇಲೆ ಮನೆಗೆ ಒಂದು ಸಣ್ಣ ಎ.ಎಮ್.ಟಿ. ಗಾಡಿ ತಂದೆವು. ನಮಗೆಂದು ತಂದ ಗಾಡಿ ಒಂದೇ ವಾರದಲ್ಲಿ ಅವಳ ಗಾಡಿಯಾಯಿತು. ಮಕ್ಕಳನ್ನು ಶಾಲೆಗೆ ಬಿಡುವುದು, ಆದೋನಿಗೆ ಹೋಗಿ ಸಾಮಾನು ತರುವುದು ಎಲ್ಲ ಅವಳದೇ.

ಮರುವರ್ಷ ಹತ್ತಿಯ ಸುಗ್ಗಿ. ಮಗ ಮಾರುಕಟ್ಟೆಯ ಕೆಲಸದ ಮೇಲೆ ಆದೋನಿಯಲ್ಲೇ ಉಳಿದಿದ್ದ. ಡ್ರೈವರ್ ತನ್ನೂರಿಗೆ ಹೋಗಿದ್ದ. ರಾತ್ರಿ ಹನ್ನೊಂದರ ಮೇಲೆ ನಮ್ಮ ಮನೆಯವರಿಗೆ ಎದೆ ಬಿಗಿದು ಉಸಿರು ಸಿಕ್ಕದಾಯಿತು. ಮಲಗಿದರೆ ಇನ್ನೂ ಹೆಚ್ಚು; ಕೂತೇ ಏದುಸಿರು ಬಿಡುತ್ತಿದ್ದರು. ಆಂಬುಲೆನ್ಸಿಗೆ ಫೋನು ಮಾಡಿದೆವು. ಬೇರೆ ಕಡೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂಬ ಉತ್ತರ ಬಂತು. ಆ ವಾರ ನಮ್ಮ ಮಂಡಿ ಊದಿ ಮೆಟ್ಟಿಲು ಇಳಿಯುವುದೇ ಕಷ್ಟವಾಗಿತ್ತು. ಸೊಸೆ ಮಲಗಿದ್ದ ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ ಬಂದು, "ನೀವು ಹಿಂದ ಅತ್ತೇರ ಹತ್ರ ಕೂಡ್ರಿ ಮಾವಾರ, ನಾ ನಡಸ್ತೀನಿ" ಎಂದಳು. ಹೊರಗೆ ಸಣ್ಣ ಮಳೆ. ಸೇತುವೆಯ ಮೇಲೆ ಎದುರಿನ ಲಾರಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಅವಳು ಒಂದು ಮಾತೂ ಆಡಲಿಲ್ಲ. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ರಾಯಚೂರಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಸೂಜಿ ಚುಚ್ಚಿ, ಶ್ವಾಸಕೋಶದಲ್ಲಿ ನೀರು ತುಂಬಿದೆ, ಬೆಳಗಿನವರೆಗೆ ಕಾದಿದ್ದರೆ ಕಷ್ಟವಾಗುತ್ತಿತ್ತು ಎಂದರು. ಹತ್ತು ದಿನದ ಮೇಲೆ ನಮ್ಮ ಮನೆಯವರು ಅದೇ ಗಾಡಿಯಲ್ಲಿ ಮನೆಗೆ ಬಂದರು.

ಗೇರು ಗಾಡಿಯೂ ಅಂದು ಅಂಗಳದಲ್ಲಿಯೇ ನಿಂತಿತ್ತು. ಗಟ್ಟಿ ಗಾಡಿ, ದೋಷವೇನೂ ಇರಲಿಲ್ಲ. ಅದನ್ನು ನಡೆಸುವವರು ಮನೆಯಲ್ಲಿರಲಿಲ್ಲ. ಖಾತೆಯಲ್ಲಿ ಬರೆಯಬೇಕಾದ ದೊಡ್ಡ ಬಾಬ್ತು ಇದೇ ಎಂದು ನಮಗೆ ತೋರುತ್ತದೆ. ಬೆಲೆ, ಮೈಲೇಜು, ರಿಪೇರಿ ಎಲ್ಲ ನೋಡುತ್ತೇವೆ. ಆಪತ್ತಿನ ಹೊತ್ತಿನಲ್ಲಿ ಮನೆಯ ಎಷ್ಟು ಜನ ಆ ಗಾಡಿಯನ್ನು ನಡೆಸಬಲ್ಲರು ಎಂದು ನೋಡುವವರು ಕಡಿಮೆ.

ಆಟೋಮ್ಯಾಟಿಕ್‌ಗೆ ಅಪಾಯಗಳೂ ಉಂಟು, ಮುಚ್ಚಿಡಬಾರದು. ಗೇರು ಗಾಡಿಯಲ್ಲಿ ಕ್ಲಚ್ ತಪ್ಪಿದರೆ ಸಾಮಾನ್ಯವಾಗಿ ಗಾಡಿ ನಿಂತುಬಿಡುತ್ತದೆ. ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದರೆ ಗಾಡಿ ನಿಲ್ಲದೆ ನುಗ್ಗುತ್ತದೆ. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೊ ಎಂಬಲ್ಲಿ 87 ವರ್ಷದ ವೃದ್ಧರೊಬ್ಬರು ಹೀಗೆ ಪೆಡಲ್ ತಪ್ಪಿ ಒತ್ತಿದ್ದರಿಂದ ಸೈಕಲ್ ಮೇಲಿದ್ದ ತಾಯಿ ಮತ್ತು ಮೂರು ವರ್ಷದ ಮಗಳು ತೀರಿಕೊಂಡರು. 2021ರಲ್ಲಿ ನ್ಯಾಯಾಲಯ ಅವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ನಮ್ಮ ವಯಸ್ಸಿನವರು ಇದನ್ನು ಮರೆಯಬಾರದು. ಈರ್ಯಾಸಮಿತಿ ಎಂದರೆ ನಡೆಯುವಾಗ ಮುಂದಿನ ನೆಲ ನೋಡಿ ಹೆಜ್ಜೆ ಇಡುವುದು ಎಂದು ಬಾಲ್ಯದಲ್ಲೇ ಕಲಿತಿದ್ದೇವೆ. ಗಾಡಿಯ ಗಾಲಿಗೂ ಅದು ಸಲ್ಲುತ್ತದೆ. ಕ್ಲಚ್ಚಿನಿಂದ ಉಳಿದ ಗಮನ ರಸ್ತೆಯ ಮೇಲಿರಬೇಕು, ಮೊಬೈಲಿನ ಮೇಲಲ್ಲ.

ಕೊಳ್ಳುವವರಿಗೆ ನಾಲ್ಕು ಮಾತು:

1. ಆಟೋಮ್ಯಾಟಿಕ್‌ನಲ್ಲಿ ಬಲಗಾಲು ಒಂದೇ ಕೆಲಸ ಮಾಡಬೇಕು. ಎಡಗಾಲನ್ನು ಪಕ್ಕಕ್ಕೆ ಇಟ್ಟುಬಿಡಿ. ಚಾಲೂ ಮಾಡುವಾಗ, ಗೇರಿಗೆ ಹಾಕುವಾಗ ಪಾದ ಬ್ರೇಕಿನ ಮೇಲಿರಲಿ. 'ಡಿ'ಗೆ ಹಾಕಿ ಬ್ರೇಕ್ ಬಿಟ್ಟರೆ ಎಷ್ಟೋ ಗಾಡಿಗಳು ತಾವಾಗಿ ತೆವಳುತ್ತವೆ.

2. ಎ.ಎಮ್.ಟಿ. ಗಾಡಿಗಳಲ್ಲಿ ಹಲವಕ್ಕೆ ಗಾಲಿ ಬಿಗಿಯುವ 'ಪಿ' ಸ್ಥಾನ ಇರುವುದಿಲ್ಲ. ನಿಲ್ಲಿಸಿದೊಡನೆ ಹ್ಯಾಂಡ್‌ಬ್ರೇಕ್ ಎಳೆಯಲೇಬೇಕು. ಏರಿನಲ್ಲಿ ಹಿಂದಕ್ಕೆ ಜಾರುವ ಗುಣವೂ ಕೆಲವಕ್ಕಿದೆ. ಅಲ್ಲಿ ಆಕ್ಸಿಲರೇಟರಿನಿಂದ ಗಾಡಿಯನ್ನು ತಡೆದು ನಿಲ್ಲಿಸಿದರೆ ಕ್ಲಚ್ ಸುಡುತ್ತದೆ, ಬ್ರೇಕಿನಿಂದಲೇ ನಿಲ್ಲಿಸಿ.

3. ಘಟ್ಟ ಇಳಿಯುವಾಗ 'ಡಿ'ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತ ಇಳಿಯಬೇಡಿ. 'ಎಮ್' ಅಥವಾ 'ಎಲ್' ಎಂದು ಕೊಟ್ಟಿರುತ್ತಾರೆ, ಅದರಲ್ಲಿ ಕೆಳಗಿನ ಗೇರು ಹಿಡಿಯಿರಿ. ಮಳೆಯ ಕೆಸರಿನಲ್ಲೂ ಇದು ಉಪಯೋಗಕ್ಕೆ ಬರುತ್ತದೆ.

4. ತುಂಬಿ ಹರಿಯುವ ಹಳ್ಳದ ಮುಂದೆ ಗೇರೂ ಒಂದೇ, ಆಟೋಮ್ಯಾಟಿಕ್ಕೂ ಒಂದೇ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಮಂತ್ರಾಲಯಕ್ಕೆ ನುಗ್ಗಿದ್ದನ್ನು ಕಂಡವರು ನಾವು. ನೀರಿಗೆ ಗಾಡಿ ಇಳಿಸಬೇಡಿ.

ಇನ್ನು ಕೆಲವು ವರ್ಷಗಳಲ್ಲಿ ಈ ವಾದವೇ ಹಳತಾಗಬಹುದು. ವಿದ್ಯುತ್ ಕಾರುಗಳಿಗೆ ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜೂ ಇಲ್ಲ. ಅಲ್ಲಿಯವರೆಗೆ ನಮ್ಮ ಅಭಿಪ್ರಾಯ ಇಷ್ಟೆ: ಹದಿನೆಂಟು ತುಂಬಿದ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಗೇರು ಗಾಡಿಯಲ್ಲೇ ಕಲಿಸಿ, ಗದರದೆ ಕಲಿಸಿ. ಗಾಡಿ ಕೊಳ್ಳುವಾಗ ಮಾತ್ರ ಮನೆಯಲ್ಲಿ ಯಾರ ಕಾಲು ಸೋತಿದೆ, ಯಾರಿಗೆ ಧೈರ್ಯ ಸಾಲದು ಎಂದು ನೋಡಿ, ಅವರಿಗೂ ನಡೆಸಲು ಬರುವಂಥದ್ದನ್ನು ಕೊಳ್ಳಿ. ಮುಂಗಡ ಕೊಡುವ ಮೊದಲು ಮನೆಯಲ್ಲಿ ಲೈಸೆನ್ಸ್ ಇರುವವರೆಲ್ಲರನ್ನೂ ಷೋರೂಮಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಂದಲೂ ಒಂದು ಸುತ್ತು ನಡೆಸಿ ನೋಡಿ. ಲೈಸೆನ್ಸ್ ಬೀರುವಿನಲ್ಲಿಟ್ಟವರನ್ನು ಮೊದಲು ಕೂರಿಸಿ.